ಹದಿನೇಳು ಗಂಟೆಯ ದಾರಿ

ದಾರಿಹೋಕನೊಬ್ಬ "ಮುಂದಿನ ಊರು ಎಷ್ಟು ದೂರವಪ್ಪಾ?" ಎಂದು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಹಿಂದೆ ಮೈಲಿಯ ಲೆಕ್ಕ ಹೇಳುತ್ತಿದ್ದವರು ಕಡಮೆ. ಹತ್ತಿರವಿದ್ದರೆ "ಇಲ್ಲೇ, ಕೂಗಳತೆ" ಎನ್ನುತ್ತಿದ್ದರು. ಸ್ವಲ್ಪ ದೂರವಿದ್ದರೆ "ಬಿಸಿಲೇರುವುದರೊಳಗೆ ಸೇರಿಕೊಳ್ಳುತ್ತೀರಿ" ಎನ್ನುತ್ತಿದ್ದರು. ಇನ್ನೂ ದೂರವಿದ್ದರೆ "ಎರಡು ಹರಿದಾರಿ" ಎಂದು ಹೇಳಿ, ಕೇಳಿದವನ ಮುಖ ನೋಡಿ ಕರುಣೆ ಹುಟ್ಟಿದರೆ "ಒಂದೂವರೆ ಇದ್ದೀತು" ಎಂದು ಇಳಿಸುತ್ತಿದ್ದರು. ಹರಿದಾರಿಗೆ ಮೂರು ಮೈಲಿ ಎಂದು ಪುಸ್ತಕದಲ್ಲಿದೆ. ನಡೆದವರ ಕಾಲಿಗೆ ಅದು ಮೂರೂ ಇದ್ದೀತು, ಐದೂ ಇದ್ದೀತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳದ ಪಾಠ ಹೇಳಿದ ನಾನು ಈ ಹಳ್ಳಿಯ ಅಳತೆಯನ್ನು ತರಗತಿಯಲ್ಲಿ ಹಾಸ್ಯಕ್ಕೆಂದು ಎತ್ತುತ್ತಿದ್ದೆ. ಹುಡುಗರು ನಗುತ್ತಿದ್ದರು. ಆದರೆ ಅದರಲ್ಲಿ ಏನೋ ಹುರುಳಿದೆ ಎಂದು ಒಳಗೊಳಗೇ ನನಗೆ ಅನ್ನಿಸುತ್ತಿದ್ದುದೂ ಉಂಟು.

ಆ ಹಳೆಯ ಲೆಕ್ಕದಲ್ಲೇ ಹೇಳುವುದಾದರೆ ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ಇರುವ ದೂರ ಸುಮಾರು 2,900 ಹರಿದಾರಿ. ಮೈಲಿಯಲ್ಲಿ 8,700, ಕಿಲೋಮೀಟರಿನಲ್ಲಿ 14,000. ಭೂಮಿಯ ಸುತ್ತಳತೆಯೇ 40,000 ಕಿಲೋಮೀಟರು. ಆದ್ದರಿಂದ ಈ ಭೂಮಿಯ ಮೇಲೆ ಯಾವ ಎರಡು ಊರುಗಳೂ 20,000 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರುವುದು ಸಾಧ್ಯವಿಲ್ಲ. ಅದಕ್ಕೂ ಮೀರಿ ಹೋದರೆ ಹತ್ತಿರ ಬಂದಂತೆಯೇ. ಎಂದ ಮೇಲೆ, ದೂರ ಹೋಗಲೇಬೇಕೆಂದು ಹಟ ಹಿಡಿದವನಿಗೆ ಸಿಕ್ಕಬಹುದಾದ ದೂರದಲ್ಲಿ ಹತ್ತಕ್ಕೆ ಏಳು ಪಾಲನ್ನು ನನ್ನ ಸೋದರಳಿಯ ಹೋಗಿದ್ದಾನೆ. ಅವನಿಗೆ ಅಲ್ಲಿ ಕಂಪ್ಯೂಟರಿನ ಕೆಲಸ. ಸ್ಯಾನ್ ಫ್ರಾನ್ಸಿಸ್ಕೋ ಎನ್ನುವುದು ಬಾಯಿಮಾತಿಗೆ; ಮನೆ ಇರುವುದು ಅದರ ದಕ್ಷಿಣಕ್ಕೆ, ಸನ್ನಿವೇಲ್ ಎಂಬಲ್ಲಿ. ಬಸವನಗುಡಿಯ ನಮ್ಮ ಬೀದಿಯಲ್ಲಿ ಆ ಕಡೆಗೆ ಒಬ್ಬರನ್ನಾದರೂ ಕಳಿಸಿಕೊಡದ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದು.

ಅವನ ತಾಯಿ ನನ್ನ ಅಕ್ಕ. ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಅವಳ ಮನೆ. ಭಾವನವರು ಹೋದ ಮೇಲೆ ಒಬ್ಬಳೇ ಇದ್ದಳು. ಒಂದು ದಿನ ಸಾಯಂಕಾಲ ನಮ್ಮಲ್ಲಿಗೆ ಬಂದವಳು ನನ್ನ ಮೇಜಿನ ಮೇಲಿನ ಭೂಗೋಳವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ, "ಏನೋ ಮೇಷ್ಟ್ರೇ, ಊರ ಮಕ್ಕಳಿಗೆಲ್ಲ ಪಾಠ ಹೇಳಿದೆ. ನನ್ನ ಮಗ ಯಾವ ದಾರಿಯಲ್ಲಿ ಹೋಗುತ್ತಾನೆ ಅಂತ ನನಗೆ ಒಂದು ದಿನವಾದರೂ ತೋರಿಸಿದೆಯಾ?" ಎಂದಳು.

ಗೋಡೆಯ ನಕಾಶೆಯಲ್ಲಿ ನೋಡಿದರೆ ಈ ದಾರಿ ತಿಳಿಯುವುದಿಲ್ಲ. ಅಲ್ಲಿ ಬೆಂಗಳೂರು ನಡುವಿಗೆ ಹತ್ತಿರ, ಸ್ಯಾನ್ ಫ್ರಾನ್ಸಿಸ್ಕೋ ಎಡ ತುದಿಯಲ್ಲಿ. ನಡುವೆ ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರ. ಗೆರೆ ಎಳೆದುಬಿಟ್ಟರೆ ಅದೇ ಹತ್ತಿರದ ದಾರಿ ಎನ್ನಿಸುತ್ತದೆ. ದುಂಡಗಿನದನ್ನು ಚಪ್ಪಟೆ ಮಾಡಿದ ಕಾಗದ ಇಂಥ ಸುಳ್ಳನ್ನು ಹೇಳದೆ ಇರಲಾರದು. ಗೋಳದ ಮೇಲೆ ಮಾತ್ರ ನಿಜ ತಿಳಿಯುತ್ತದೆ, ಅದಕ್ಕೆ ಒಂದು ದಾರ ಬೇಕು. ಆ ಹೊತ್ತಿಗೆ ನನ್ನ ಹೆಂಡತಿ ಹೂ ಕಟ್ಟುತ್ತ ಕೂತಿದ್ದಳು. ಅವಳಿಂದ ಒಂದೆಳೆ ಬಾಳೆನಾರು ಇಸಿದುಕೊಂಡು ಅದರ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅಕ್ಕನ ಬೆರಳಿನಿಂದ ಒತ್ತಿಸಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದೆ. ನಾರು ಪಶ್ಚಿಮಕ್ಕೂ ಹೋಗಲಿಲ್ಲ, ಪೂರ್ವಕ್ಕೂ ಹೋಗಲಿಲ್ಲ. ನೆಟ್ಟಗೆ ಉತ್ತರಕ್ಕೆ ಏರಿತು. ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ, ಅದರ ನೆತ್ತಿಯಲ್ಲಿ ಆರ್ಕ್‌ಟಿಕ್ ಸಮುದ್ರದ ಅಂಚು. ಅಲ್ಲಿಂದ ಅಲಾಸ್ಕದ ಮೇಲೆ ಇಳಿದು, ಪೆಸಿಫಿಕ್ ಸಾಗರದ ಬದಿ ಹಿಡಿದು ಕ್ಯಾಲಿಫೋರ್ನಿಯ. ಎರಡು ಬಿಸಿಲಿನ ಊರುಗಳ ನಡುವಣ ಹತ್ತಿರದ ದಾರಿ 71 ಡಿಗ್ರಿ ಉತ್ತರ ಅಕ್ಷಾಂಶದ ಹಿಮದ ಮೇಲೆ ಹಾದುಹೋಗುತ್ತದೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಕೈಲಾಸ ಎಲ್ಲಿದೆಯೋ?" ಎಂದಳು. ನಾರಿಗೆ ಒಂದು ಕಡಲೆಕಾಳಿನಷ್ಟು ಪಶ್ಚಿಮಕ್ಕೆ ಬೆರಳಿಟ್ಟು ತೋರಿಸಿದೆ. "ಹಾಗಾದರೆ ಅವನು ಬಂದಾಗಲೆಲ್ಲ ಕೈಲಾಸದ ಪಕ್ಕದಲ್ಲೇ ಬರುತ್ತಾನೆ ಅನ್ನು" ಎಂದು ಸಂತೋಷಪಟ್ಟಳು.

ವಿಮಾನಗಳು ನಾರು ಹಿಡಿದ ದಾರಿಯಲ್ಲೇ ಹೋಗುವುದಿಲ್ಲ ಎಂದು ಅವಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ವಾಚಕರಿಗೆ ಹೇಳಬಹುದು. ವಿಮಾನದೊಳಗಿನ ಗಾಳಿಯ ಒತ್ತಡ ಏನೋ ಕಾರಣದಿಂದ ಕಡಮೆಯಾದರೆ ಅದು ಕೂಡಲೆ 10,000 ಅಡಿಯವರೆಗೆ ಕೆಳಗಿಳಿಯಬೇಕು, ಜನ ಉಸಿರಾಡಬೇಕಲ್ಲ. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಎತ್ತರ. ಇಳಿಯಲು ಕೆಳಗೆ ಜಾಗವಿಲ್ಲ. ಆದ್ದರಿಂದ ಅದನ್ನು ಬಳಸಿಕೊಂಡು ಹೋಗುವುದೇ ವಾಡಿಕೆ. ಇದರ ಮೇಲೆ, ಯಾವ ರಾಜ್ಯದ ಆಕಾಶ ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬ ಲೆಕ್ಕ ಬೇರೆ. ನೆಲಕ್ಕೆ ಬೇಲಿ ಹಾಕಿದ್ದು ಸಾಲದೆಂದು ಮನುಷ್ಯ ಆಕಾಶಕ್ಕೂ ಬೇಲಿ ಹಾಕಿದ್ದಾನೆ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯದ ಆಕಾಶವಿಲ್ಲ. ಭಾರತದ ವಿಮಾನಗಳಿಗೆ ಆ ತಡೆ ಇರಲಿಲ್ಲವಾಗಿ 2023ರ ಜೂನಿನಲ್ಲಿ ಒಂದು ಸ್ವಾರಸ್ಯ ನಡೆಯಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನದ ಒಂದು ಎಂಜಿನಿನಲ್ಲಿ ತೊಂದರೆ ಕಂಡು ಅದು ರಷ್ಯದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಇನ್ನೊಂದು ವಿಮಾನ ಬರುವವರೆಗೆ ಇನ್ನೂರಕ್ಕೂ ಹೆಚ್ಚು ಮಂದಿ ಅಲ್ಲೇ ಇರಬೇಕಾಯಿತು. ಕೆಲವರಿಗೆ ಶಾಲೆಯೊಂದರಲ್ಲಿ ನೆಲದ ಮೇಲೆ ಹಾಸಿಗೆ ಹಾಸಿಕೊಟ್ಟರಂತೆ. ಗೋಳದ ಮೇಲೆ ಬರಿಯ ಬಣ್ಣವೆಂದು ಕಾಣುವ ಜಾಗದಲ್ಲೂ ಶಾಲೆ ಇರುತ್ತದೆ, ಹಾಸಿಗೆ ತರುವವರು ಇರುತ್ತಾರೆ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲಿಯೂ ನಿಲ್ಲದ ಏರ್ ಇಂಡಿಯಾ ವಿಮಾನ ಮೊದಲ ಸಲ ಬಂತು. ನಡೆಸಿದವರೆಲ್ಲ ಹೆಂಗಸರು, ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಉತ್ತರ ಧ್ರುವದ ಮೇಲೆ ಹಾರಿ, ಗಾಳಿಯ ಅನುಕೂಲ ನೋಡಿಕೊಂಡು ಸುತ್ತುಬಳಸಿ, ಸುಮಾರು 16,000 ಕಿಲೋಮೀಟರು ಬಂದರು. 9ನೆಯ ತಾರೀಖು ಶನಿವಾರ ರಾತ್ರಿ ಅಲ್ಲಿಂದ ಹೊರಟವರು 11ನೆಯ ತಾರೀಖು ಸೋಮವಾರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದರು. ಹಾರಿದ್ದು ಹದಿನೇಳು ಗಂಟೆಗೆ ಸ್ವಲ್ಪ ಮೇಲೆ. ಭಾನುವಾರವೆಂಬುದು ಆಕಾಶದಲ್ಲೇ ಮುಗಿದುಹೋಯಿತು. ಪತ್ರಿಕೆಯಲ್ಲಿ ಬಂದಿದ್ದ ಅವರ ಚಿತ್ರವನ್ನು ಅಕ್ಕ ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡಳು. "ಹದಿನೇಳು ಗಂಟೆ! ನಾನು ಮದುವೆಯಾಗಿ ತೀರ್ಥಹಳ್ಳಿಯ ಕಡೆಗೆ ಹೋದಾಗ ರೈಲು, ಬಸ್ಸು, ಎತ್ತಿನಗಾಡಿ ಎಲ್ಲ ಸೇರಿ ಒಂದು ಹಗಲು ಒಂದು ರಾತ್ರಿ ಹಿಡಿದಿತ್ತು. ನಮ್ಮಮ್ಮನಿಗೆ ನಾನು ಇದ್ದದ್ದಕ್ಕಿಂತ ನನಗೆ ಇವನು ಹತ್ತಿರ" ಎಂದು ಲೆಕ್ಕ ಮಾಡಿದಳು. ಲೆಕ್ಕ ಸರಿಯಾಗಿಯೇ ಇತ್ತು.

ಬರುವುದಕ್ಕೂ ಹೋಗುವುದಕ್ಕೂ ಒಂದೇ ಹೊತ್ತು ಹಿಡಿಯದಿರುವುದಕ್ಕೆ ಮೇಲಿನ ಗಾಳಿ ಕಾರಣ. ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಯೊಂದಿದೆ. ಹೊಳೆಯ ಜೊತೆ ಹೋಗುವ ದೋಣಿಗೆ ಸುಖ, ಎದುರು ಹೋಗುವುದಕ್ಕೆ ಕಷ್ಟ. ಈ ಗಾಳಿಯನ್ನು 1920ರ ದಶಕದಲ್ಲೇ ಬಲೂನು ಹಾರಿಸಿ ಅಳೆದವನು ಓಯಿಶಿ ಎಂಬ ಜಪಾನಿ ವಿಜ್ಞಾನಿ. ಪಾಪ, ಪ್ರಪಂಚಕ್ಕೆಲ್ಲ ತಿಳಿಯಲೆಂದು ತನ್ನ ವರದಿಯನ್ನು ಎಸ್ಪೆರಾಂಟೊ ಎಂಬ ವಿಶ್ವಭಾಷೆಯಲ್ಲಿ ಬರೆದ. ಪ್ರಪಂಚದಲ್ಲಿ ಅದನ್ನು ಓದಿದವರು ಇಲ್ಲವೆನ್ನುವಷ್ಟು ಕಡಮೆ.

ದೂರದ ಮಾತಾಯಿತು. ಗಡಿಯಾರದ ಮಾತು ಇನ್ನೂ ತೊಡಕಿನದು. ನಮಗೂ ಅವರಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡರೆ ಅದು ಹನ್ನೆರಡೂವರೆಯಾಗುತ್ತದೆ. ನವೆಂಬರಿನ ಮೊದಲನೆಯ ಭಾನುವಾರ ಮತ್ತೆ ಹದಿಮೂರೂವರೆ. ಈ ಬೀದಿಯ ಎಷ್ಟೋ ಮನೆಗಳಲ್ಲಿ ಅಮೆರಿಕದ ಹೊತ್ತು ತೋರಿಸಲೆಂದೇ ಎರಡನೆಯ ಗಡಿಯಾರ ತೂಗುಹಾಕಿದ್ದಾರೆ. ಅಕ್ಕನಿಗೆ ಅದು ಬೇಕಿರಲಿಲ್ಲ. "ಹಗಲಿಗೆ ರಾತ್ರಿ ಅನ್ನು, ರಾತ್ರಿಗೆ ಹಗಲು ಅನ್ನು, ಚಳಿಗಾಲವಾದರೆ ಒಂದೂವರೆ ಗಂಟೆ ಕಳೆ, ಬೇಸಿಗೆಯಾದರೆ ಅರ್ಧ ಗಂಟೆ ಕಳೆ" ಎಂದು ಅವಳದೇ ಸೂತ್ರ. ಬೆಳಗ್ಗೆ ಎಂಟಕ್ಕೆ ಕಾಫಿ ಕುಡಿಯುತ್ತ, "ಈಗ ಆರೂವರೆ. ಕೆಲಸದಿಂದ ಬಂದಿರುತ್ತಾನೆ" ಎನ್ನುತ್ತಿದ್ದಳು. ನೇರ ವಿಮಾನದಲ್ಲಿ ಇಲ್ಲಿಂದ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದವನು ಅದೇ ದಿನ ಸಾಯಂಕಾಲ ಐದು ಗಂಟೆಗೆ ಅಲ್ಲಿ ಇಳಿಯುತ್ತಾನೆ ಎಂದರೆ ಬೇರೆಯವರಿಗೆ ಮಾಯೆ ಎನ್ನಿಸೀತು. ಅಕ್ಕ ಮನಸ್ಸಿನಲ್ಲೇ ಕೂಡಿ ಕಳೆದು, "ಸರಿಯಾಗಿದೆ" ಎಂದು ಒಪ್ಪಿಗೆ ಕೊಟ್ಟಿದ್ದಳು.

1893ರಲ್ಲಿ ಸ್ವಾಮಿ ವಿವೇಕಾನಂದರು ಮುಂಬಯಿಯಲ್ಲಿ ಹಡಗು ಹತ್ತಿದ್ದು ಮೇ 31ರಂದು. ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳನ್ನು ಹಾದು ಪೆಸಿಫಿಕ್ ಸಾಗರದ ಆಚೆ ದಡದ ವ್ಯಾಂಕೂವರ್ ಮುಟ್ಟಿದ್ದು ಜುಲೈ 25ರಂದು. ಐವತ್ತೈದು ದಿನ. ಅದಕ್ಕೆ ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಆ ಕಾಲದಲ್ಲಿ ಕಡಲಾಚೆ ಹೋದ ಮಗನಿಗೆ ಮನೆಯಲ್ಲಿ ಏನಾದರೂ ಅಶುಭವಾದರೆ ಯಾರೂ ಕಾಯುತ್ತಿರಲಿಲ್ಲ. ಆಗಬೇಕಾದ್ದು ಆಗಿಹೋಗುತ್ತಿತ್ತು. ಕಾಗದ ಮುಟ್ಟಿದ ದಿನ ಅವನು ಅಲ್ಲೇ ಸ್ನಾನ ಮಾಡುತ್ತಿದ್ದ. ಐವತ್ತೈದು ದಿನವನ್ನು ಯಾರು ಕಾಯಲಾದೀತು? ದಾರಿ ಹದಿನೇಳು ಗಂಟೆಗೆ ಇಳಿದ ಮೇಲೆಯೇ ಕಾಯುವುದು ಎಂಬುದು ಹುಟ್ಟಿದ್ದು. ಹತ್ತಿರವಾದುದರ ಬಾಡಿಗೆ ಇದು ಎಂದು ನನಗೆ ತೋರುತ್ತದೆ. ಇಂದು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಯಾರಾದರೂ ಹಿರಿಯರು ತೀರಿಕೊಂಡರೆ, ಬಾಗಿಲಲ್ಲಿ ನಿಂತವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಹೊತ್ತಿಗೆ ಹೋದರು?" ಎಂಬುದು, ಎರಡನೆಯದು "ಮಗ ಎಷ್ಟು ಹೊತ್ತಿಗೆ ಬರುತ್ತಾನೆ?" ಎಂಬುದು. ಈ ಎರಡು ಹೊತ್ತುಗಳ ನಡುವಿನ ಕಾಲಕ್ಕೆ ಫ್ರೀಜರ್ ಪೆಟ್ಟಿಗೆಯನ್ನು ಬಾಡಿಗೆಗೆ ಕೊಡುವವರ ಫೋನ್ ನಂಬರು ನಮ್ಮ ಬೀದಿಯಲ್ಲಿ ಹಾಲಿನವನ ನಂಬರಿನಷ್ಟೇ ಎಲ್ಲರಿಗೂ ಗೊತ್ತು.

ಅಕ್ಕನಿಗೂ ಗೊತ್ತಿತ್ತು. ಎದುರುಮನೆಯಲ್ಲಿ ಅಂಥ ಪೆಟ್ಟಿಗೆ ಎರಡು ದಿನ ಇದ್ದುದನ್ನು ನೋಡಿಬಂದು, "ನನ್ನನ್ನು ಮಾತ್ರ ಹಾಗೆ ಇಟ್ಟುಕೊಂಡು ಕೂರಬೇಡಿ ಕಣೋ. ಚಳಿ ನನಗೆ ಆಗುವುದಿಲ್ಲ" ಎಂದು ನಕ್ಕಿದ್ದಳು.

2023ರ ಜನವರಿಯ ಒಂದು ಮಂಗಳವಾರ, ಬೆಳಗಿನ ಜಾವ 4.40ಕ್ಕೆ ಅವಳು ಹೋದಳು. ಎಂಬತ್ತೆರಡು ವರ್ಷ. ಮೈಸೂರಿನಲ್ಲಿರುವ ಮಗಳು ವಾರದ ಹಿಂದೆಯೇ ಬಂದು ಜೊತೆಯಲ್ಲಿದ್ದಳು. ಹುಡುಗನಿಗೆ ಫೋನು ಮಾಡಿದವನು ನಾನು. ಅಲ್ಲಿ ಸೋಮವಾರ ಮಧ್ಯಾಹ್ನ; ಕೆಲಸದ ಜಾಗದಲ್ಲಿದ್ದ. ಸ್ವಲ್ಪ ಹೊತ್ತು ಅವನ ಉಸಿರು ಮಾತ್ರ ಕೇಳಿಸಿತು. ಆಮೇಲೆ "ಹೊರಡುತ್ತೇನೆ ಮಾವ" ಎಂದ.

ಭೂಗೋಳದ ಮೇಷ್ಟರು ಎಂದು ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನೇರ ವಿಮಾನ ಆಗ ವಾರದ ಎಲ್ಲ ದಿನವೂ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಯೂರೋಪಿನ ಒಂದು ಊರಿನಲ್ಲಿ ಬದಲಾಯಿಸಿ ಬರುವ ದಾರಿ. ಅಲ್ಲಿಂದ ರಾತ್ರಿ ಎಂಟಕ್ಕೆ ಹೊರಟರೆ ನಮ್ಮಲ್ಲಿ ಬೆಳಗ್ಗೆ ಒಂಬತ್ತೂವರೆ. ಮೊದಲ ಹಾರಾಟ ಹನ್ನೊಂದು ಗಂಟೆ, ನಡುವೆ ನಾಲ್ಕು ಗಂಟೆ, ಎರಡನೆಯದು ಒಂಬತ್ತು ಗಂಟೆ. ಹೊರಬರಲು ಒಂದು, ದೇವನಹಳ್ಳಿಯಿಂದ ಬಸವನಗುಡಿಗೆ ಎರಡು. ಹದಿನಾಲ್ಕು ಸಾವಿರ ಕಿಲೋಮೀಟರಿನ ಲೆಕ್ಕದಲ್ಲಿ ಈ ಕೊನೆಯ ನಲವತ್ತು ಚಿಲ್ಲರೆ ಕಿಲೋಮೀಟರಿಗೆ ಎರಡು ಗಂಟೆ ಎತ್ತಿಡಬೇಕೆಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಬುಧವಾರ ಮಧ್ಯಾಹ್ನ ಹನ್ನೆರಡೂವರೆ ಎಂದು ಬಂತು. ಹಾಲಿನ ಚೀಟಿಯ ಹಿಂದೆ ಬರೆದು ಪುರೋಹಿತರಿಗೆ ತೋರಿಸಿದೆ. "ಸೂರ್ಯಾಸ್ತದ ಒಳಗೇ ಆಗುತ್ತದೆ, ಕಾಯಬಹುದು" ಎಂದರು. ಪೆಟ್ಟಿಗೆ ಬಂತು. ಅಕ್ಕನ ಮಾತು ನೆನಪಿದ್ದವರು ನಾನು ಮತ್ತು ಅವಳ ಮಗಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಮಂಗಳವಾರ ರಾತ್ರಿ ಹತ್ತೂವರೆಗೆ ಫೋನು. ಅಲ್ಲಿ ಹಿಮ ಬೀಳುತ್ತಿದೆ, ಸಂಜೆಯ ವಿಮಾನ ಹೊರಡುವುದಿಲ್ಲ, ನಾಳೆ ಮಧ್ಯಾಹ್ನದ ಮೇಲೆಯೇ ಎಂದ. ನಾನು ಚೀಟಿ ತೆಗೆದುಕೊಂಡು ಮತ್ತೆ ಕೂಡಲು ಹೊರಟೆ. ಅಷ್ಟರಲ್ಲಿ ಅವನೇ, "ಮಾವ, ನೀವು ಲೆಕ್ಕ ಹಾಕಬೇಡಿ. ಕಾಯಬೇಡಿ. ಅಮ್ಮನಿಗೆ ಚಳಿ ಆಗುವುದಿಲ್ಲ" ಎಂದ. ಅವನಿಗೂ ಹೇಳಿದ್ದಳು ಎಂದು ಆಗ ತಿಳಿಯಿತು.

ಪುರೋಹಿತರು ವಯಸ್ಸಾದವರು, ಹೆಚ್ಚು ಮಾತಿನವರಲ್ಲ. ಫೋನಿನಲ್ಲೇ ಅವನಿಂದ ಅನುಮತಿ ಕೇಳಿಕೊಂಡು, ತಂಗಿಯ ಕೈಗೆ ದರ್ಭೆ ಕೊಟ್ಟರು. ಬಂಧುಗಳಲ್ಲಿ ಒಬ್ಬಿಬ್ಬರು ಗುಸುಗುಸು ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಎಲ್ಲವೂ ಮುಗಿಯಿತು. ಆ ಹೊತ್ತಿಗೆ ಅವನಿದ್ದ ಊರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ. ಹೊರಟ ಊರಿನದೂ ಅಲ್ಲ, ಸೇರುವ ಊರಿನದೂ ಅಲ್ಲದ ಒಂದು ಬೆಂಚಿನ ಮೇಲೆ ಕೂತು, ಕಸ ಗುಡಿಸುವವರು ಆ ಕಡೆಯಿಂದ ಈ ಕಡೆಗೆ ಹೋಗುವುದನ್ನು ನೋಡುತ್ತಿದ್ದೆ ಎಂದು ಆಮೇಲೆ ಹೇಳಿದ. ಮನೆಗೆ ಬಂದದ್ದು ಗುರುವಾರ ಬೆಳಗಿನ ಜಾವ. ಅಕ್ಕ ಹೋಗಿ ಸರಿಯಾಗಿ ನಲವತ್ತೆಂಟು ಗಂಟೆ. ಚಪ್ಪಲಿ ಬಿಟ್ಟು ಒಳಗೆ ಬಂದವನು ನೇರವಾಗಿ ಅಡಿಗೆಮನೆಗೆ ಹೋಗಿ ನಿಂತುಕೊಂಡ. ಅಲ್ಲಿ ತಂಗಿ ಕಾಫಿಗೆ ನೀರಿಟ್ಟಿದ್ದಳು.

ದಿನಕರ್ಮಗಳ ನಡುವೆ ಒಂದು ಸಣ್ಣ ಸಂಗತಿ ಎದ್ದಿತು. ಆಸ್ಪತ್ರೆಯ ಕಾಗದದಲ್ಲಿ ಮಂಗಳವಾರದ ತಾರೀಖು ಬರೆದಿತ್ತು. ಅವನ ಮೊಬೈಲಿನಲ್ಲಿ ನನ್ನ ಫೋನು ಸೋಮವಾರಕ್ಕೆ ದಾಖಲಾಗಿತ್ತು. "ನನ್ನ ತಾರೀಖಿನಲ್ಲಿ ಅಮ್ಮ ಇನ್ನೂ ಇದ್ದ ದಿನವೇ ನನಗೆ ಸುದ್ದಿ ಬಂತು ಮಾವ" ಎಂದು ಅದನ್ನೇ ತೋರಿಸುತ್ತಿದ್ದ. ಪುರೋಹಿತರು ಪಂಚಾಂಗ ತೆಗೆದು, ಕನ್ನಡಕ ಏರಿಸಿ, "ನಮ್ಮಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಅವರು ಹೋದದ್ದು ಸೂರ್ಯೋದಯಕ್ಕೆ ಮೊದಲು. ಆದ್ದರಿಂದ ಇಲ್ಲಿಯೂ ಸೋಮವಾರವೇ" ಎಂದರು. ಅಷ್ಟು ಹೇಳಿ ಮುಂದಿನ ಮಂತ್ರಕ್ಕೆ ಹೋದರು. ಅವರಿಗೆ ಅದು ಬರಿಯ ಲೆಕ್ಕ. ಹುಡುಗ ಮಾತ್ರ ಬಹಳ ಹೊತ್ತು ಅವರ ಮುಖವನ್ನೇ ನೋಡುತ್ತಿದ್ದ.

ಮರುವರ್ಷ ತಿಥಿಯನ್ನು ಅಲ್ಲಿ ಎಂದು ಮಾಡಬೇಕೆಂದು ನನ್ನನ್ನು ಕೇಳಿದ. ತಿಥಿ ಎನ್ನುವುದು ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ಸರಿಯುವ ಕಾಲ. ಅದು ಬೆಂಗಳೂರಿನಲ್ಲಿ ಮುಗಿಯುವ ಕ್ಷಣದಲ್ಲೇ ಸನ್ನಿವೇಲಿನಲ್ಲೂ ಮುಗಿಯುತ್ತದೆ, ಆಕಾಶದಲ್ಲಿ ಇರುವುದು ಒಂದೇ ಚಂದ್ರನಲ್ಲವೆ? ಆ ಕ್ಷಣಕ್ಕೆ ಅಲ್ಲಿನ ಗಡಿಯಾರ ಎಷ್ಟು ತೋರಿಸುತ್ತದೆ, ಅಲ್ಲಿನ ಸೂರ್ಯ ಎಲ್ಲಿದ್ದಾನೆ ಎಂಬುದು ಮಾತ್ರ ಬೇರೆ. ಆ ದೇಶದ ಕನ್ನಡಿಗರಿಗೆ ಯುಗಾದಿ ಕೆಲವು ವರ್ಷ ನಮಗಿಂತ ಒಂದು ತಾರೀಖು ಮುಂಚೆ ಬರುವುದೂ ಇದರಿಂದಲೇ. ಪುರೋಹಿತರನ್ನು ಕೇಳಿ, ಆ ಊರಿಗೆ ಗಣಿಸಿದ ಪಂಚಾಂಗ ನೋಡಿಕೊಂಡು ದಿನ ಹೇಳಿದೆ.

ಶ್ರಾದ್ಧಕ್ಕೆ ಅಪರಾಹ್ನ ಬೇಕು. ಅವನು ರಜ ಹಾಕಿ, ಹೆಂಡತಿ ಮಕ್ಕಳೊಂದಿಗೆ ಅಡಿಗೆ ಮಾಡಿಕೊಂಡು, ಪಿಂಡ ಇಡುವ ಹೊತ್ತಿಗೆ ಅಲ್ಲಿ ಮೂರು ಗಂಟೆ ದಾಟಿರುತ್ತದೆ. ಪುಷ್ಯಮಾಸ, ಚಳಿಗಾಲದ ಅಂತರ. ಹಗಲಿಗೆ ರಾತ್ರಿ, ಒಂದೂವರೆ ಗಂಟೆ ಕೂಡಿದರೆ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಆ ಹೊತ್ತಿಗೆ ನನಗೆ ಎಚ್ಚರವಾಗಿರುತ್ತದೆ. ಹೊರಗೆ ಇನ್ನೂ ಕತ್ತಲೆ. ಹಾಲಿನವನು ಬರಲು ಅರ್ಧ ಗಂಟೆ ಬಾಕಿ.